ಹೊಲದ ಅಜ್ಜಿಗೆ ಹಲ್ಲು ತಿಕ್ಕಿದ್ದು

ಸತ್ತು ಒಂದೆರಡು ಸಾವಿರ ವರ್ಷವಾದರೂ ಆಗದವರನ್ನು ನಮ್ಮ ಅಕ್ಕ ಮನುಷ್ಯರೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ! ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ. ನಾನೊಮ್ಮೆ ಜ್ವರ ಬಂದು ಗದಗಿನ ದವಾಖಾನೆಯಲ್ಲಿ ಮಲಗಿದ್ದಾಗ ಅಕ್ಕ ಫೋನು ಮಾಡಿ "ಈಗ ಹ್ಯಾಂಗದಿ?" ಎಂದು ಕೇಳಿದಳು. ನಾನು ಉತ್ತರ ಕೊಡಲು ಬಾಯಿ ತೆರೆಯುವುದರೊಳಗೆ, ಅವತ್ತು ತನಗೆ ಸಿಕ್ಕ ಯಾವನೋ ಮುದುಕನ ಮೊಣಕಾಲಿನ ಸಂಗತಿ ಶುರು ಮಾಡಿದಳು. ಆ ಮುದುಕ ಮೊಣಕಾಲು ನೋವಿನಿಂದ ಬಹಳ ನರಳಿರಬೇಕಂತೆ.

"ಪಾಪ, ದವಾಖಾನಿಗೆ ತೋರಸಬೇಕಿಲ್ಲೋ?" ಅಂದೆ.

"ಎಲ್ಲಿ ದವಾಖಾನಿ? ಆಗಿನ್ನೂ ಜನಾ ಕಬ್ಬಿಣಾನ ಹೊಸದಾಗಿ ಕಂಡಿದ್ರು!" ಅಂದಳು.

ಸಲಾಯಿನ್ ಹಚ್ಚಿಸಿಕೊಂಡು ಮಲಗಿದ ಒಡಹುಟ್ಟಿದ ತಂಗಿಗಿಂತ ಕಬ್ಬಿಣದ ಕಾಲದ ಮುದುಕನ ಮೊಣಕಾಲು ಹೆಚ್ಚೇ? ಹೆಚ್ಚು. ನಮ್ಮ ಅಕ್ಕನಿಗೆ ಹೆಚ್ಚು.

ಅವಳ ಕೆಲಸವೇ ಅದು. ಎಲ್ಲಿಯಾದರೂ ನೆಲ ಅಗೆಯುವಾಗ ಹಳೇ ಕಾಲದ ಜನರ ಎಲುಬು ಸಿಕ್ಕರೆ ಇವಳನ್ನು ಕರೆಸುತ್ತಾರೆ. ಇವಳು ಹೋಗಿ, ಗುಂಡಿಯೊಳಗೆ ಬೋರಲು ಮಲಗಿ, ಬಣ್ಣ ಬಳಿಯುವಂಥ ಬ್ರಷ್ಷಿನಿಂದ ಒಂದೊಂದೇ ಎಲುಬಿನ ಮಣ್ಣು ಜಾಡಿಸಿ, ಅಳೆದು, ಡಬ್ಬಿಯಲ್ಲಿಟ್ಟುಕೊಂಡು ಒಯ್ಯುತ್ತಾಳೆ. ಆಮೇಲೆ ಅವನ್ನು ಓದುತ್ತಾಳೆ. ಓದುವುದು ಎಂಬುದು ಅವಳದೇ ಮಾತು. ಇದು ಗಂಡೋ ಹೆಣ್ಣೋ, ಎಷ್ಟು ವಯಸ್ಸಿಗೆ ಸತ್ತಿತು, ಏನು ಉಣ್ಣುತ್ತಿತ್ತು, ಭಾರವನ್ನು ತಲೆಯ ಮೇಲೆ ಹೊರುತ್ತಿತ್ತೋ ಹೆಗಲ ಮೇಲೋ, ಹುಟ್ಟಿದ್ದು ಇಲ್ಲಿಯೋ ಬೇರೆ ಸೀಮೆಯಿಂದ ಬಂದದ್ದೋ, ಎಲ್ಲವನ್ನೂ ಎಲುಬು ಹೇಳುತ್ತದಂತೆ.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಲೆಕ್ಕದ ಮಾಸ್ತರರಿಗೂ ನನಗೂ ಆಗಿಬರಲಿಲ್ಲ. ಮದುವೆಯಾಗಿ ಗಜೇಂದ್ರಗಡಕ್ಕೆ ಬಂದು, ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುತ್ತೇನೆ. ಹಾಗಾಗಿ ಇಲ್ಲಿ ವಿಜ್ಞಾನದ ಮಾತು ಎಲ್ಲಿಯಾದರೂ ತಪ್ಪಿದ್ದರೆ ಅದು ನನ್ನದು, ಸರಿ ಇದ್ದರೆ ಅಕ್ಕನದು. ಇದರೊಳಗೆ ಒಂದು ಪಾಪದ ಕೆಲಸವೂ ಬರುತ್ತದೆ. ಅದಂತೂ ಪೂರಾ ನನ್ನದು. ಅದನ್ನು ಒಪ್ಪಿಕೊಳ್ಳಲಿಕ್ಕೇ ಕೂತಿದ್ದೇನೆ. ಆದರೆ ಮೊದಲು ಅಕ್ಕನನ್ನು ಸ್ವಲ್ಪ ಆಡಿಕೊಳ್ಳದಿದ್ದರೆ ನನಗೆ ಧೈರ್ಯ ಬರುವುದಿಲ್ಲ!

ನಮ್ಮ ತವರು ರೋಣ. ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆ. ಅಂಥ ಮನೆಯಲ್ಲಿ ಒಂದು ರವಿವಾರ ಅವ್ವ ಅಕ್ಕನ ಪಾಟಿಚೀಲವನ್ನು ತೊಳೆಯಲೆಂದು ಬೋರಲು ಹಾಕಿದರೆ, ಪುಸ್ತಕಗಳ ಹಿಂದೆಯೇ ಒಂದು ನಾಯಿಯ ದವಡೆ ಉರುಳಿ ಬಂತು. ಹಲ್ಲು ಸಮೇತ! ಅವ್ವ ಚೀರಿದ ರಭಸಕ್ಕೆ ಓಣಿಯೇ ಕೂಡಿತು.

"ಏನಾತವಾ? ಹಾವೇನ?" ಎಂದು ಪಕ್ಕದ ಮನೆಯ ದೊಡ್ಡವ್ವ ಓಡಿಬಂದಳು.

"ಹಾವಾಗಿದ್ರ ಬಡದು ಒಗೀತಿದ್ನಿ. ಇದನ್ನ ಹಡದೀನಲ್ಲ, ಇದನ್ನೇನ ಮಾಡ್ಲಿ?" ಎಂದು ಅವ್ವ ಅಕ್ಕನ ಕಡೆ ಕೈ ಮಾಡಿದಳು.

ಅಕ್ಕ ಮಾತ್ರ ಅವ್ವನನ್ನು ಸಮಾಧಾನ ಮಾಡುವವಳಂತೆ, "ಅಂಜಬ್ಯಾಡವ್ವಾ, ಇದಕ್ಕ ವಯಸ್ಸಾಗಿತ್ತು. ಹಲ್ಲು ಹೆಂಗ ಸವದಾವು ನೋಡು" ಎಂದಳು. ದವಡೆ ತಿಪ್ಪೆಗೆ ಹೋಯಿತು. ತಿಪ್ಪೆಯಿಂದ ಹೇಗೋ ವಾಪಸು ಬಂದು ಜೋಳದ ಚೀಲಗಳ ಹಿಂದೆ ಬಹಳ ದಿನ ಸುಖವಾಗಿತ್ತು. ನನಗೆ ಗೊತ್ತಿತ್ತು, ಹೇಳಲಿಲ್ಲ. ಬಾಯಿ ಮುಚ್ಚಿಕೊಂಡಿರುವುದಕ್ಕೆ ಅಕ್ಕ ಪೆಪ್ಪರಮಿಂಟು ಕೊಡಿಸುತ್ತಿದ್ದಳು!

ಇವಳನ್ನು ನೋಡಲಿಕ್ಕೆ ನರಗುಂದದಿಂದ ಒಂದು ಮನೆತನದವರು ಬಂದಿದ್ದರು. ಒಳ್ಳೆಯ ಜನ, ಹತ್ತಿ ವ್ಯಾಪಾರ. ಹುಡುಗನ ಜೊತೆ ಅವನ ಅಜ್ಜಿಯೂ ಬಂದಿದ್ದಳು. ಆ ಅಜ್ಜಿಯ ಒಪ್ಪಿಗೆ ಇಲ್ಲದೆ ಅವರ ಮನೆಯಲ್ಲಿ ಒಲೆ ಕೂಡ ಉರಿಯುತ್ತಿರಲಿಲ್ಲವಂತೆ. ಅಕ್ಕ ಸೀರೆ ಉಟ್ಟು, ತಲೆ ಬಗ್ಗಿಸಿ, ಅವಲಕ್ಕಿ ತಂದು ಕೊಟ್ಟು, ಚಾಪೆಯ ಮೇಲೆ ಕೂತಳು. ನಾವೆಲ್ಲ ಉಸಿರು ಬಿಗಿ ಹಿಡಿದಿದ್ದೆವು. ಅಜ್ಜಿ ಮೊದಲ ಪ್ರಶ್ನೆ ಕೇಳಿದಳು.

"ಏನ ಓದಾಕತ್ತೀಯವಾ?"

ಅಕ್ಕ ತಲೆ ಎತ್ತಿ ಅಜ್ಜಿಯ ಮುಖ ನೋಡಿದಳು. ಅಷ್ಟೇ! ಕಣ್ಣು ಅಲ್ಲಿಯೇ ನಿಂತವು. "ಅಜ್ಜೀ, ನಿಮ್ಮ ದವಡಿ ಎಷ್ಟ ಚಲೋ ಐತ್ರೀ! ಇಂಥಾ ದವಡಿ ಸಿಗೂದ ಕಡಿಮಿ. ಸಾವಿರ ವರ್ಷ ಮಣ್ಣಾಗಿದ್ರೂ ಏನೂ ಆಗೂದಿಲ್ಲ ನೋಡ್ರಿ!" ಎಂದಳು.

ಅವಲಕ್ಕಿ ಬಶಿಗಳು ಹಾಗೆಯೇ ಉಳಿದವು. ನರಗುಂದದ ಬಸ್ಸಿಗೆ ಇನ್ನೂ ಬಹಳ ಹೊತ್ತಿದ್ದರೂ ಅವರು ಬಸ್‌ಸ್ಟ್ಯಾಂಡಿನಲ್ಲಿಯೇ ಕೂಡುತ್ತೇವೆ ಎಂದು ಎದ್ದರು. ಅಕ್ಕನಿಗೆ ಇವತ್ತಿಗೂ ಅರ್ಥವಾಗಿಲ್ಲ. "ನಾ ಹೊಗಳಿದ್ನಲ್ಲ!" ಎನ್ನುತ್ತಾಳೆ.

ಇನ್ನು ಇವಳ ಜೊತೆ ಬಸ್ಸಿನಲ್ಲಿ ಹೋಗುವುದಂತೂ ಬೇಡವೇ ಬೇಡ. ಒಮ್ಮೆ ರೋಣದಿಂದ ಗಜೇಂದ್ರಗಡಕ್ಕೆ ಇಬ್ಬರೂ ಹೊರಟಿದ್ದೆವು. ಜಕ್ಕಲಿಯಲ್ಲಿ ಹತ್ತಿದ ಹಿರಿಯರೊಬ್ಬರು ಎದುರು ಸೀಟಿಗೆ ಕೂತು ಆಕಳಿಸಿದರು. ಅಕ್ಕ ಮುಂದೆ ಬಾಗಿ, "ನಿಮಗ ಸಣ್ಣವರಿದ್ದಾಗ ಜಡ್ಡಾಗಿತ್ತಲ್ರೀ? ಭಾಳ ದಿನಾ ಮಲಗಿದ್ರಿ, ಹೌದಿಲ್ಲೋ?" ಎಂದಳು. ಚಿಕ್ಕಂದಿನಲ್ಲಿ ದೊಡ್ಡ ಕಾಯಿಲೆ ಬಂದರೆ ಹಲ್ಲು ಬೆಳೆಯುವುದು ನಿಂತು ಗೆರೆ ಬೀಳುತ್ತದಂತೆ, ಆ ಗೆರೆ ಸಾಯುವವರೆಗೂ, ಸತ್ತ ಮೇಲೂ ಇರುತ್ತದಂತೆ. ಇದು ಆ ಹಿರಿಯರಿಗೆ ಹೇಗೆ ಗೊತ್ತಾಗಬೇಕು? ಅವರು ಎದ್ದು ನಿಂತು, "ಖರೇ ತಾಯೀ! ನಮ್ಮವ್ವ ನನ್ನ ಆಸೆ ಬಿಟ್ಟಿದ್ಲು!" ಎಂದು ಕೈ ಮುಗಿದರು.

ಮುಗಿಯಿತು! ಇಡೀ ಬಸ್ಸು ಬಾಯಿ ತೆರೆದುಕೊಂಡು ಸರತಿಗೆ ನಿಂತಿತು. ಒಬ್ಬಾಕೆ, "ನನ್ನ ಮಗಳ ಲಗ್ನ ಯಾವಾಗ ಆಗತೈತಿ, ಹೇಳ್ರಿ" ಎಂದು ಬಾಯಿ ಅಗಲಿಸಿದಳು.

"ಅದು ಹಲ್ಲಿನ್ಯಾಗ ಇರೂದಿಲ್ರಿ" ಎಂದಳು ಅಕ್ಕ.

"ಹಂಗಾರ ಎಲ್ಲೆ ಇರತೈತಿ? ಅಲ್ಲೇ ನೋಡ್ರಿ!"

ಗಜೇಂದ್ರಗಡ ಬರುವುದರೊಳಗೆ ಕಂಡಕ್ಟರನೂ ಬಾಯಿ ತೋರಿಸಿದ್ದ. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಇಳಿದೆ. ಅಕ್ಕ ಇಳಿಯುತ್ತ, "ಚಲೋ ಮಂದಿ. ಒಬ್ಬರದೂ ಹಿಂದಿನ ಹಲ್ಲು ಸ್ವಚ್ಛ ಇಲ್ಲ" ಎಂದಳು, ತೃಪ್ತಿಯಿಂದ!

ಕೊಳೆ ಹಲ್ಲು ಕಂಡರೆ ಇವಳಿಗೆ ಯಾಕೆ ಇಷ್ಟು ಸಂತೋಷ? ಅದನ್ನೂ ಫೋನಿನಲ್ಲಿ ಹೇಳಿದ್ದಳು. ನಾನು ರೊಟ್ಟಿ ಬಡಿಯುವ ಹೊತ್ತಿಗೇ ಅವಳ ಫೋನು ಬರುವುದು. ಸ್ಪೀಕರಿಗೆ ಹಾಕಿ ಹಿಟ್ಟಿನ ಡಬ್ಬಿಗೆ ಒರಗಿಸಿ ಇಟ್ಟು ಕೆಲಸ ಮಾಡುತ್ತೇನೆ. ಹಲ್ಲಿನ ಬುಡದಲ್ಲಿ ಕಲ್ಲಿನಂತೆ ಕಟ್ಟಿಕೊಳ್ಳುವ ಹಳದಿ ಕೊಳೆ ಇದೆಯಲ್ಲ, ಅದರೊಳಗೆ ಆ ಮನುಷ್ಯ ತಿಂದ ಕಾಳಿನ ಹುಡಿ, ಸೊಪ್ಪಿನ ಚೂರು ಎಲ್ಲ ಸಾವಿರಾರು ವರ್ಷ ಹಾಗೆಯೇ ಕೂತಿರುತ್ತದಂತೆ. ಅದನ್ನು ಯಂತ್ರದಲ್ಲಿಟ್ಟು ನೋಡಿದರೆ ಅವರ ಅಡುಗೆಮನೆಯೇ ಕಂಡಂತೆ.

"ಅದಕ್ಕ ನಾವು ಹಳೇ ಎಲುಬು ತೊಳಿಯಾಕ ಲಗೂ ಕೈ ಹಚ್ಚೂದಿಲ್ಲ. ಹಲ್ಲಂತೂ ಮುಟ್ಟೂದ ಇಲ್ಲ. ತಿಳೀತಿಲ್ಲೋ?" ಎಂದಿದ್ದಳು.

"ಹೂಂ" ಎಂದಿದ್ದೆ. ತಿಳಿದಿತ್ತೇ? ಎದುರಿನ ಹೆಂಚಿನ ಮೇಲೆ ರೊಟ್ಟಿ ಸೀದಿತ್ತು, ಅದಷ್ಟೇ ತಿಳಿದಿತ್ತು.

ಊರೂರಿನ ಸತ್ತವರ ಪರಿಚಯ ಇಷ್ಟೆಲ್ಲ ಇದ್ದರೂ ಅಕ್ಕನಿಗೆ ಒಂದು ಕೊರಗು. ನಮ್ಮ ಸೀಮೆಯ ಹಳಬರು ಯಾರೂ ಅವಳ ಕೈಗೆ ಸಿಕ್ಕಿರಲಿಲ್ಲ. ಊರಿಗೆ ಬಂದಾಗೆಲ್ಲ ಹೊಲದ ಬದುವಿನ ಮೇಲೆ ನಡೆಯುತ್ತ ನೆಲವನ್ನೇ ನೋಡುತ್ತಿದ್ದಳು. "ಎಲ್ಲಾರ ಮನಿತನಾನೂ ಗೊತ್ತು ನನಗ. ನಾವು ತುಳಿಯೋ ಈ ಎರಿ ನೆಲದಾಗ ನಮಗಿಂತ ಮೊದಲ ಯಾರಿದ್ರು, ಏನ ಉಂಡ್ರು, ಎಲ್ಲಿಂದ ಬಂದ್ರು, ಅದಷ್ಟ ಗೊತ್ತಿಲ್ಲ. ಒಬ್ಬಾಕಿ ಸಿಕ್ರ ಸಾಕು ನೋಡು" ಎನ್ನುತ್ತಿದ್ದಳು. ಬಂಗಾರ ಬೇಡಲಿಲ್ಲ, ಗಂಡನನ್ನು ಬೇಡಲಿಲ್ಲ. ಜೀವನದಲ್ಲಿ ಅವಳು ಬಾಯಿಬಿಟ್ಟು ಬೇಡಿದ್ದು ಅದೊಂದೇ.

ಆ ಒಬ್ಬಾಕೆ ಸಿಕ್ಕಳು. ಸಿಕ್ಕಿದ್ದು ನನ್ನ ಕೈಗೆ!

ಲಕ್ಕಲಕಟ್ಟಿಯ ಹತ್ತಿರ ನಮ್ಮ ತವರಿನ ಹೊಲವಿದೆ. ಅದನ್ನು ಪಾಲಿಗೆ ಮಾಡುವವರು ಹನಮಪ್ಪ ಕಾಕಾ. ಅಕ್ಕನನ್ನೂ ನನ್ನನ್ನೂ ಹೆಗಲ ಮೇಲೆ ಹೊತ್ತು ತಿರುಗಿದವರು. ಈಗ ಬಾಯಲ್ಲಿ ಒಂದೂ ಹಲ್ಲಿಲ್ಲ, ನನ್ನ ಖಡಕ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಉಣ್ಣುತ್ತಾರೆ. ಹೋದ ಬೇಸಿಗೆಯಲ್ಲಿ ಕೃಷಿಹೊಂಡ ತೋಡಿಸಲೆಂದು ಹೊಲಕ್ಕೆ ಜೆಸಿಬಿ ತರಿಸಿದ್ದೆವು. ಅವತ್ತು ಬೆಳಿಗ್ಗೆ ಕಾಕಾನ ಫೋನು ಬಂತು.

"ತಂಗೆವ್ವಾ, ಲಗೂ ಬಾ. ಯಾರೋ ಬಂದಾರ."

"ಯಾರ ಬಂದಾರ ಕಾಕಾ?"

"ಬಂದಾರ ಅಂದ್ರ... ಮಣ್ಣಾಗಿಂದ ಬಂದಾರ."

ಹೋಗಿ ನೋಡಿದೆ. ಹೊಂಡದ ಒಂದು ಮಗ್ಗುಲಿನಲ್ಲಿ, ಕಪ್ಪು ಮಣ್ಣು ಮುಗಿದು ಬಿಳಿ ಮಣ್ಣು ಶುರುವಾಗುವ ಕಡೆ, ಒಂದು ಅಸ್ಥಿಪಂಜರ ಮೊಣಕಾಲು ಮಡಚಿಕೊಂಡು ಮಗ್ಗುಲಾಗಿತ್ತು. ತಲೆಯ ಹತ್ತಿರ ಒಂದು ಮಣ್ಣಿನ ಗಡಿಗೆ. ಜೆಸಿಬಿಯ ಡ್ರೈವರ್ ದೂರ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ.

ಈಗ ನನ್ನ ಬುದ್ಧಿ ಓಡಿದ ದಾರಿಯನ್ನು ಕೇಳಿ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸಿ ಮಣ್ಣು ಕೊಡುತ್ತೇವೆ. ಈ ಎಲುಬಿನ ಮೊಣಕಾಲು ಮಡಚಿತ್ತು. ಅಂದ ಮೇಲೆ ಕೂಡಿಸಿದ್ದಾರೆ, ಮಳೆ ಮಳೆಗೆ ಮಣ್ಣು ಕುಸಿದು ಪಾಪ ಒಂದು ಕಡೆ ವಾಲಿದೆ. ಅಂದ ಮೇಲೆ ಇದು ನಮ್ಮ ಮನೆತನದ್ದೇ. ಅಂದ ಮೇಲೆ ನಮ್ಮ ಮುತ್ತಜ್ಜಿಯ ಅಜ್ಜಿಯೇ! ಗಂಡೋ ಹೆಣ್ಣೋ ಹೇಗೆ ಗೊತ್ತಾಯಿತು ಎನ್ನುತ್ತೀರಾ? ಗೊತ್ತಾಗಲಿಲ್ಲ, ತೀರ್ಮಾನ ಮಾಡಿದೆ.

"ಅಕ್ಕಾರಿಗೆ ಫೋನ್ ಹಚ್ಚವಾ, ಅವರದ ಕೆಲಸ ಇದು" ಎಂದರು ಕಾಕಾ.

ಹಚ್ಚಿದೆ. ಹತ್ತಲಿಲ್ಲ. ಮತ್ತೆ ಹಚ್ಚಬಹುದಿತ್ತು, ಹಚ್ಚಲಿಲ್ಲ. ಇಲ್ಲಿಂದಲೇ ನನ್ನ ತಪ್ಪು ಶುರು. ಅಕ್ಕ ಬಂದರೆ ಅಜ್ಜಿಯನ್ನು ಡಬ್ಬಿಗೆ ಹಾಕಿ, ಮೇಲೆ ನಂಬರು ಬರೆದು ಒಯ್ಯುತ್ತಾಳೆ ಎಂದು ಗೊತ್ತಿತ್ತು. ನಮ್ಮ ಮನೆತನದ ಹಿರಿಯಳು ಯಾವುದೋ ಊರಿನ ಕಪಾಟಿನಲ್ಲಿ ನಂಬರಾಗಿ ಕೂಡುವುದೇ? ಅದಕ್ಕಿಂತ ಹೆಚ್ಚಾಗಿ, ಆ ಮುಖದ ತುಂಬ ಮಣ್ಣಿತ್ತು. ಬಾಯಲ್ಲಿ ಕೂಡ. ನನಗೆ ನೋಡಲಾಗಲಿಲ್ಲ.

ಮನೆಗೆ ಬಂದು ವಿಭೂತಿ, ಪತ್ರಿ, ಮೈಗೆ ಹಚ್ಚಲು ಕಡಲೆಹಿಟ್ಟು, ಹೊಸ ಪಂಚೆ, ಕೆಂಪು ಹಲ್ಲುಪುಡಿ, ಕೈಗೆ ಸಿಕ್ಕ ಬ್ರಷ್ಷು ಎಲ್ಲ ಚೀಲಕ್ಕೆ ತುಂಬಿದೆ. ನಮ್ಮ ಮನೆಯವರು, "ಎಲ್ಲಿ ಹೊಂಟಿ ಇಷ್ಟೆಲ್ಲ ತಗೊಂಡು?" ಎಂದರು.

"ಒಬ್ಬರಿಗೆ ಜಳಕಾ ಮಾಡಸೂದೈತಿ."

ಅವರು ಮುಂದೆ ಕೇಳುವ ಪೈಕಿ ಅಲ್ಲ. ಮರುದಿನ ಬೆಳಿಗ್ಗೆ ಮಾತ್ರ ಬಚ್ಚಲಿನಿಂದ ಕೂಗಿದರು. "ನನ್ನ ಬ್ರಷ್ ಎಲ್ಲೆ?"

"ಒಬ್ಬರಿಗೆ ಬೇಕಾಗಿತ್ತು, ಕೊಟ್ಟೀನಿ" ಎಂದೆ.

ಬೋರಿನ ನೀರು ಬಕೆಟ್ಟಿಗೆ ತುಂಬಿಕೊಂಡು, ಒಂದೊಂದೇ ಎಲುಬು ಎತ್ತಿ ತೊಳೆದೆ. ಕಡಲೆಹಿಟ್ಟು ಹಚ್ಚಿದೆ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲು ತಿಕ್ಕಿದೆ. ಹೇಗೆ ತಿಕ್ಕಿದೆ ಎನ್ನುತ್ತೀರಿ! ಆ ಹಳದಿ ಕೊಳೆ ಗಟ್ಟಿ ಕೂತಿತ್ತು. ಬ್ರಷ್ಷಿಗೆ ಜಗ್ಗಲಿಲ್ಲ. ತುದಿ ಚೂಪಾದ ಕಡ್ಡಿ ಹುಡುಕಿ ಕೆರೆದೆ. ಹಲ್ಲು ಬೆಳ್ಳಗೆ ಹೊಳೆಯತೊಡಗಿದಾಗ, ಅಜ್ಜೀ, ಈಗ ಚಂದ ಕಾಣ್ತೀ ನೋಡು ಎಂದು ನಾನೇ ಮಾತಾಡಿಸಿದೆ. ಆಮೇಲೆ ವಿಭೂತಿ ಹಚ್ಚಿ, ಪಂಚೆಯಲ್ಲಿ ಸುತ್ತಿ, ಹೊಲದ ಮೂಲೆಯ ಬನ್ನಿಗಿಡದ ಕೆಳಗೆ ಕೂಡಿಸಿ, ಹೂ ಏರಿಸಿ ಮಣ್ಣು ಕೊಟ್ಟೆವು. ಗಡಿಗೆಯನ್ನು ಕಾಕಾ ಕೋಳಿಗಳಿಗೆ ನೀರಿಡಲು ಒಯ್ದರು.

"ಅಕ್ಕಗ ಹೇಳಬ್ಯಾಡ ಕಾಕಾ" ಎಂದೆ.

"ನಾ ಯಾಕ ಹೇಳ್ಲಿ? ನೀನ ಹೇಳತಿ" ಎಂದರು ಕಾಕಾ. ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ!

ಹೇಳುವ ಮೊದಲೇ ಹೇಳಿಬಿಟ್ಟದ್ದು ಡ್ರೈವರನ ಮೊಬೈಲು. ಅವನು ತೆಗೆದ ಫೋಟೋ ಗುಂಪಿನಿಂದ ಗುಂಪಿಗೆ ಹಾರಿ, ರಾಕ್ಷಸನ ಎಲುಬು ಎಂದಾಗಿ, ಸುತ್ತಿ ಸುತ್ತಿ ಅಕ್ಕನ ಮೊಬೈಲಿಗೆ ಹೋಗಿ ಬಿತ್ತು. ಎಲುಬಿನ ಹಿಂದೆ ನಮ್ಮ ಬನ್ನಿಗಿಡವಿತ್ತು. ಅದರ ಹಿಂದೆ ಗುಡ್ಡ, ಗುಡ್ಡದ ಮೇಲೆ ಗಾಳಿಯಂತ್ರಗಳು. ಮರುದಿನದ ಬಸ್ಸಿಗೆ ಅಕ್ಕ ಬಂದೇ ಬಂದಳು. ಬಂದವಳ ಮುಖ ನಾನು ಅವತ್ತಿನವರೆಗೆ ನೋಡಿರಲಿಲ್ಲ. ಮದುವೆಯ ಹೆಣ್ಣಿನ ಮುಖದಂತಿತ್ತು. ಚಹಾ ಕುಡಿಯಲಿಲ್ಲ. "ನಡಿ ನಡಿ ನಡಿ" ಎಂದು ನನ್ನನ್ನು ಎಳೆದುಕೊಂಡೇ ಹೊಲಕ್ಕೆ ಹೋದಳು.

ಹೊಂಡ ಖಾಲಿ. ಅಕ್ಕ ಹೊಂಡದ ಅಂಚಿನಲ್ಲಿ ನಿಂತಳು. ಫೋಟೋ ನೋಡಿದಳು, ಖಾಲಿ ಮಣ್ಣು ನೋಡಿದಳು. ಮುಖದ ಬೆಳಕು ಇಳಿಯುವುದನ್ನು ನಾನು ನೋಡಿದೆ.

"ಯಾರ ತಗದವರು?" ಎಂದಳು.

ಕಾಕಾ ನನ್ನ ಕಡೆ ನೋಡಿದರು. ನಾನು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದೆ. ಎಷ್ಟು ಚಂದ ತಿರುಗುತ್ತವೆ ಅವು! ನನ್ನ ಜನ್ಮದಲ್ಲಿ ಅವನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಹಿಂದಿನಿಂದ ಕಾಕಾನ ಧ್ವನಿ ಕೇಳಿತು.

"ನಾನರೀ ಅಕ್ಕಾರ. ತಿಳೀದ ಮಾಡೀನಿ. ಬನ್ನಿಗಿಡದ ಬುಡಕ ಅದಾರ."

ಅಕ್ಕ ಎಂದೂ ಯಾರಿಗೂ ಧ್ವನಿ ಏರಿಸಿದವಳಲ್ಲ. ಅವತ್ತು ಏರಿಸಿದಳು. "ಹನಮಪ್ಪಾ, ನಿನಗ ಒಂದ ಫೋನ್ ಮಾಡಾಕ ಆಗಲಿಲ್ಲ? ಇಷ್ಟ ವರ್ಷ ಇದಕ್ಕ ಕಾದೀನಿ ನಾ! ಆಕಿ ಹ್ಯಾಂಗ ಮಲಗಿದ್ಲು, ಕೈ ಎಲ್ಲಿತ್ತು, ಮುಖ ಯಾಕಡೆ ಇತ್ತು, ಎಲ್ಲಾ ಅಲ್ಲೇ ಬರದಿತ್ತು. ಅಳಿಸಿಬಿಟ್ಟೆಲ್ಲ!" ಎಂದಳು. ಹನಮಪ್ಪ ಕಾಕಾ ಅವಳ ಬಾಯಲ್ಲಿ ಬರೇ ಹನಮಪ್ಪ ಆದರು. ಅವರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ತಲೆ ಬಗ್ಗಿಸಿ ನಿಂತಿದ್ದರು. ನಾನು ಬಾಯಿ ಬಿಡಲಿಲ್ಲ.

ಅಜ್ಜಿಗೆ ಹಲ್ಲು ತಿಕ್ಕಿದ್ದಕ್ಕೆ ನನ್ನನ್ನು ನಾನು ಹೇಗಾದರೂ ಕ್ಷಮಿಸಿಕೊಂಡೇನು. ಅದು ತಿಳಿಯದೆ ಮಾಡಿದ್ದು. ಆ ಹೊತ್ತು ಗಾಳಿಯಂತ್ರ ನೋಡುತ್ತ ನಿಂತದ್ದು ತಿಳಿದು ಮಾಡಿದ್ದು. ನಾನು ಒಪ್ಪಿಕೊಳ್ಳಬೇಕಾದದ್ದು ಅದು.

ಅಕ್ಕ ಕಚೇರಿಗೆ ತಿಳಿಸಿದಳು. ಹಳ್ಳಿಯ ಲೆಕ್ಕ ನೋಡುವ ತಲಾಟಿಯವರು ಬಂದು ಬರೆದುಕೊಂಡು ಹೋದರು. ಪರವಾನಗಿ ಸಿಕ್ಕ ಮೇಲೆ, ಇಲಾಖೆಯಿಂದ ಒಬ್ಬ ಸಾಹೇಬರೂ ಬಂದು, ಬನ್ನಿಗಿಡದ ಕೆಳಗೆ ನಾನು ಮಾಡಿದ ಸಮಾಧಿಯನ್ನು ತೆಗೆಯುವುದೆಂದಾಯಿತು. ಅಷ್ಟು ದಿನವೂ ಅಕ್ಕ ಕಾಕಾನ ಜೊತೆ ಮಾತು ಬಿಟ್ಟಿದ್ದಳು. ಅವರು ಕೊಡದಲ್ಲಿ ತಂದಿಟ್ಟ ನೀರನ್ನು ಮುಟ್ಟಲಿಲ್ಲ. ಅವರು ಬುತ್ತಿ ಬಿಚ್ಚಿಕೊಂಡು ದೂರ ಬದುವಿನ ಆಚೆ ಬೆನ್ನು ತಿರುಗಿಸಿ ಕೂತು ಉಂಡರು.

ಸಮಾಧಿ ತೆಗೆಯುವ ದಿನ ಅಕ್ಕ ಎಂದಿನಂತೆ ಬೋರಲು ಮಲಗಿ, ಮಣ್ಣು ಜಾಡಿಸಿ, ತಲೆಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಎತ್ತಿದವಳು ಎದ್ದು ಕೂತಳು. ಮೂಗಿನ ಹತ್ತಿರ ಹಿಡಿದಳು.

"ಲವಂಗದ ವಾಸನಿ ಬರಾಕತ್ತೈತಿ" ಎಂದಳು.

ಸಾಹೇಬರಿಗೆ ಹುರುಪು ಏರಿತು. "ಏನಂತೀರಿ ಮೇಡಂ! ಆ ಕಾಲಕ್ಕ ಇಲ್ಲೀ ಮಟಾ ಲವಂಗ ಬರತಿತ್ತಾ? ಭಾಳ ದೊಡ್ಡ ಸುದ್ದಿ ಆಗತೈತಿ ಇದು!"

"ಆಗತೈತ್ರಿ ಸರ್" ಎಂದಳು ಅಕ್ಕ. ಎರಡು ಹಲ್ಲುಗಳ ಸಂದಿನಿಂದ ಚಿಮ್ಮಟದಲ್ಲಿ ಏನನ್ನೋ ಎಳೆದು ಬಿಸಿಲಿಗೆ ಹಿಡಿದಳು. ಒಂದು ನೀಲಿ ಎಳೆ. "ಪ್ಲಾಸ್ಟಿಕ್ ಬ್ರಷ್ಷೂ ಬರತಿತ್ತ ಅಂತ ಬರೀಬೇಕಾಗತೈತಿ!"

ಆಮೇಲೆ ಬದುವಿನ ಕಡೆ ತಿರುಗಿ, "ಹನಮಪ್ಪಾ, ಇಲ್ಲೆ ಬಾ. ಈ ಹಲ್ಲು ಯಾರ ತಿಕ್ಕಿದವರು?" ಎಂದಳು.

ಕಾಕಾ ಎದ್ದು ಬಂದು, "ನಾನರೀ" ಎನ್ನಲು ಬಾಯಿ ತೆರೆದರು. ಬೋಳು ಬಾಯಿ! ಸಾಹೇಬರು ಕೂಡ ಬಾಯಿ ನೋಡಿದರು. ಇಂಥ ಬಾಯಿಯವರ ಮನೆಗೆ ಹಲ್ಲುಪುಡಿ, ಬ್ರಷ್ಷು ಎಲ್ಲಿಂದ ಬರಬೇಕು? ಕಾಕಾ ತಾವೇ ಅದನ್ನು ಆಗ ನೆನಪು ಮಾಡಿಕೊಂಡವರಂತೆ ಗಪ್ಪನೆ ಬಾಯಿ ಮುಚ್ಚಿದರು. ಬೇರೆ ಹೊತ್ತಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ನನಗೆ ಅಳು ಬಂತು. ನನಗಾಗಿ ಸುಳ್ಳು ಹೇಳಲು ಆ ಬಾಯಿ ಎರಡನೇ ಸಲ ತೆರೆದಿತ್ತು.

"ಅಕ್ಕಾ, ಕಾಕಾ ಅಲ್ಲ. ಎಲ್ಲಾ ನಾನ ಮಾಡೀನಿ" ಎಂದೆ. "ತಗದಾಕಿ ನಾ, ತೊಳದಾಕಿ ನಾ, ಹೇಳಬ್ಯಾಡ ಅಂದಾಕಿ ನಾ."

ಅಕ್ಕ ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಮುಖವನ್ನೇ ನೋಡುತ್ತಿದ್ದಳು. "ಈಗ ಗೊತ್ತಾತು" ಎಂದಳು. "ಇಲ್ಲೆ ಬಗ್ಗಿ ನೋಡು. ಮುಂದಿನ ಹಲ್ಲು ಫಳಫಳ. ದವಡಿ ಹಲ್ಲಿನ ಒಳಮಗ್ಗಲಾ ಮುಟ್ಟೇ ಇಲ್ಲ. ಸಣ್ಣಾಕಿದ್ದಾಗಿಂದ ನಿನ್ನ ಹಲ್ಲೂ ಹಿಂಗ ತಿಕ್ಕೋತಿ, ಅವ್ವನ ಕೈಲೇ ದಿನಾ ಬೈಸಿಕೋತಿದ್ದಿ!"

ಆ ಒಳಮಗ್ಗುಲಿನಲ್ಲಿ ಹಳದಿ ಕೊಳೆ ಸ್ವಲ್ಪ ಉಳಿದಿತ್ತು. ಅದನ್ನು ಅಕ್ಕ ಮಗುವಿನ ಬಾಯಿ ಒರೆಸುವಷ್ಟು ಹಗುರವಾಗಿ ಕಾಗದ ಮುಚ್ಚಿ ಕಾಪಾಡಿದಳು. ನನ್ನ ಮೈಗಳ್ಳತನ ವಿಜ್ಞಾನಕ್ಕೆ ಅಷ್ಟಾದರೂ ಉಪಕಾರ ಮಾಡಿತು!

"ಹಂಗಾರ ಏನೂ ಕೆಟ್ಟಿಲ್ಲ ಅಲ್ಲಾ?" ಎಂದೆ, ಆಸೆಯಿಂದ.

"ಭಾಳ ಕೆಟ್ಟೈತಿ" ಎಂದಳು ಅಕ್ಕ, ಸಿಟ್ಟಿಲ್ಲದೆ. ಸಿಟ್ಟು ಮಾಡಿದ್ದರೆ ಚಲೋ ಇತ್ತು. "ಉಳದದ್ದರಾಗ ಏನರ ಸಿಕ್ರ ಸಿಕ್ಕೀತು. ಸಿಗಲಿಕ್ರ ಇಲ್ಲ. ಅದ ಇರ್ಲಿ. ಮೊದ್ಲ ಅಲ್ಲೆ ಹೋಗು" ಎಂದು ಕಾಕಾನ ಕಡೆ ಕೈ ಮಾಡಿದಳು. ನಾನು ಏಳುವ ಮೊದಲೇ ತಾನೇ ಎದ್ದು ಹೋಗಿ, ಅವರ ಕೊಡ ಎತ್ತಿ ಗಟಗಟ ನೀರು ಕುಡಿದಳು. "ಕಾಕಾ, ನನ್ನ ಬಾಯಿ ಭಾಳ ಹಾರ್ಯಾಡತು. ಹೊಟ್ಟ್ಯಾಗ ಹಾಕ್ಕೋ" ಎಂದಳು. ನಾನು ಅವರ ಕಾಲು ಹಿಡಿದೆ.

"ಏಳ್ರಿ, ಇಬ್ಬರೂ ಏಳ್ರಿ" ಎಂದರು ಕಾಕಾ, ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತ. "ಕೋಳಿ ನೀರಿಂದು ಗಡಿಗಿ ಒಂದು ಕೊಡಬೇಕಾಗಿತ್ತು. ಅದಕ್ಕೂ ಬೈಯೂದಿದ್ರ ಈಗ ಬೈದ ಬಿಡ್ರಿ, ಒಮ್ಮೆಲೇ ಮುಗದ ಹೋಗ್ಲಿ!"

ಸಾಹೇಬರು ಗಡಿಗೆ ನೋಡಲು ಕಾಕಾನ ಜೊತೆ ಓಡಿದರು. ನಾವಿಬ್ಬರೇ ಉಳಿದೆವು. ಅಕ್ಕ ಬನ್ನಿಗಿಡದ ನೆರಳಿಗೆ ಕೂತು ಪೆನ್ನು ತೆಗೆದಳು. ಎಲುಬಿಗೆ ಹೊರಗಿನದು ಏನೇನು ತಾಗಿದೆ ಎಂಬುದನ್ನು ಬರೆದಿಡಬೇಕಂತೆ, ಇಲ್ಲದಿದ್ದರೆ ಮುಂದೆ ನೋಡುವವರು ಕಡಲೆಹಿಟ್ಟನ್ನೂ ಹಳೇ ಕಾಲದ್ದೆಂದು ತಿಳಿದಾರು. "ಮೊದಲ ಏನ ಮಾಡಿದಿ, ಆಮ್ಯಾಲ ಏನ ಮಾಡಿದಿ, ಎಲ್ಲಾ ಹೇಳು" ಎಂದಳು.

ಹೇಳಿದೆ. ಮೊದಲು ಪಾದದಿಂದ ನೀರು ಹಾಕಿದ್ದು. ಆಮೇಲೆ ಕಡಲೆಹಿಟ್ಟು. ಬೆರಳ ಸಂದಿ ಸಂದಿ ತೊಳೆದದ್ದು. ತಲೆಯನ್ನು ಕೊನೆಗೆ, ತೊಡೆಯ ಮೇಲಿಟ್ಟುಕೊಂಡು. ಅಕ್ಕ ಬರೆಯುತ್ತಲೇ ಇದ್ದಳು.

"ಇದನ್ನೆಲ್ಲ ಹಿಂಗ ಸಾಲಾಗಿ ಮಾಡಬೇಕಂತ ನಿನಗ ಯಾರ ಹೇಳಿಕೊಟ್ಟಾರ?" ಎಂದಳು, ತಲೆ ಎತ್ತದೆ.

"ಯಾರ ಹೇಳಬೇಕು? ಅವ್ವಗ ನಾನ ಮಾಡಸಿದ್ನಲ್ಲ."

ಪೆನ್ನು ನಿಂತಿತು.

ಅವ್ವ ಹೋದಾಗ ಅಕ್ಕ ಎಲ್ಲೋ ದೂರದ ಗುಂಡಿಯೊಳಗಿದ್ದಳು. ಸುದ್ದಿ ಮುಟ್ಟಿ ಅವಳು ರೋಣಕ್ಕೆ ಬರುವುದರೊಳಗೆ ಮಣ್ಣಾಗಿತ್ತು. ಊರೂರಿನ ಸತ್ತವರನ್ನು ಏನು ಉಂಡಿರಿ, ಎಲ್ಲಿ ನೋಯುತ್ತಿತ್ತು, ಹೇಗೆ ಹೋದಿರಿ ಎಂದು ಕೇಳುವ ನಮ್ಮ ಅಕ್ಕ, ಅವ್ವನ ಬಗ್ಗೆ ನನ್ನನ್ನು ಇಷ್ಟು ವರ್ಷದಲ್ಲಿ ಒಂದು ಮಾತೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅವಳಿಗೆ ಬೇಕಿಲ್ಲವೇನೋ ಎಂದುಕೊಂಡಿದ್ದೆ.

"ನೀರು ಬಿಸಿ ಇದ್ದುವೇನ?" ಎಂದಳು.

"ಕಾಸಿದ್ನಿ. ಅವ್ವಗ ತಣ್ಣೀರು ಆಗತಿದ್ದಿಲ್ಲಲ್ಲ."

"ತಲಿ?"

"ತಲಿ ಎರೆದ್ನಿ. ಹಿಕ್ಕಿ ತುರುಬ ಕಟ್ಟಿದ್ನಿ. ಕೂದಲಾ ಭಾಳ ಉದುರಿದ್ವು, ನಿಲ್ಲವಲ್ಲವು. ಪಿನ್ನು ಹುಡುಕಾಕ ಪುರಸೊತ್ತಿದ್ದಿಲ್ಲ. ನನ್ನ ತಲ್ಯಾಗಿನ ಕ್ಲಿಪ್ಪ ತಗದು ಹಚ್ಚಿದ್ನಿ. ನೀ ನರಗುಂದದಾಗ ಕೊಡಸಿದ್ದಿಯಲ್ಲ, ಪಾತರಗಿತ್ತಿದು."

"ಆ ಹಸರ ಪ್ಲಾಸ್ಟಿಕ್ಕಿಂದಾ?"

"ಹೂಂ."

ಅಕ್ಕನ ಬಾಯಿಂದ ನಗೆ ಸಿಡಿಯಿತು. ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. "ಏ ಹುಚ್ಚೀ, ಅದು ಎಷ್ಟ ಸಾವಿರ ವರ್ಷ ಆದ್ರೂ ಕರಗೂದಿಲ್ಲ! ನನ್ನಂಥಾಕಿ ಒಬ್ಬಾಕಿ ಬಂದು ಅಗದು, ಇಷ್ಟ ವಯಸ್ಸಾದ ಹೆಣ್ಮಗಳ ತಲ್ಯಾಗ ಪಾತರಗಿತ್ತಿ ಯಾಕ ಐತಿ ಅಂತ ಜಲ್ಮಾ ಪೂರಾ ತಲಿ ಕೆಡಿಸಿಕೋತಾಳ ನೋಡು!"

ನಾನೂ ನಕ್ಕೆ. ನಗು ನಿಂತ ಮೇಲೆ ಅಕ್ಕ ಪೆನ್ನಿನ ಟೊಪ್ಪಿಗೆ ಹಾಕಿ, ನನ್ನ ಹೆಗಲಿಗೆ ತಲೆ ಆನಿಸಿ ಮೆಲ್ಲಗೆ ಅಂದಳು:

"ಹಂಗಾರ ಅವ್ವನ ಹತ್ರ ನಂದೂ ಒಂದೈತಿ."